ನನ್ನ ಗಂಡ ಹುಟ್ಟಿದ್ದು ನಿಜ

ಖಾಯಂ ವಾಸದ ಅರ್ಜಿಗಳನ್ನು ತೀರ್ಮಾನಿಸುವ ಮಾನ್ಯ ಅಧಿಕಾರಿಗಳೇ,

ಈಗ ಶನಿವಾರ ಸಂಜೆ ಐದೂವರೆ. ಇವತ್ತು ಅರ್ಧ ದಿನದ ಕೆಲಸ. ಎರಡು ಸೆಟ್ ಕಟ್ಟುಹಲ್ಲಿಗೆ ಪಾಲಿಶ್ ಮಾಡಿದೆ, ಇನ್ನೊಂದಕ್ಕೆ ಮೇಣ ಕೂರಿಸಿದೆ. ಮಧ್ಯಾಹ್ನ ಸ್ಮಶಾನಕ್ಕೆ ಹೋಗಿ ನನ್ನ ಗಂಡನ ಮಣ್ಣಿನ ಮೇಲೆ ಎದ್ದಿದ್ದ ಹುಲ್ಲು ಕಿತ್ತೆ. ಮನೆಗೆ ಬಂದು ಅಂಚೆ ಡಬ್ಬಿ ತೆಗೆದರೆ ನಿಮ್ಮ ಆದೇಶ ಇತ್ತು. ಒಂದೇ ಹಾಳೆ. ನನ್ನ ಗಂಡ ತೀರಿಕೊಂಡಿರುವುದರಿಂದ ಅವರ ಜನ್ಮದೇಶದ ಆಧಾರದ ಮೇಲೆ ನನಗೆ ಸಿಕ್ಕಿದ್ದ ಸರದಿ ರದ್ದಾಗಿದೆಯಂತೆ. ಇನ್ನು ನಾನು ನನ್ನ ಸ್ವಂತ ಜನ್ಮದೇಶದ ಸರದಿಯಲ್ಲಿ ಕಾಯಬೇಕಂತೆ. ಆ ಸರದಿ ಬರುವವರೆಗೆ ಇಲ್ಲಿರಲು ನನಗೆ ಹಕ್ಕಿಲ್ಲವಂತೆ, ತಿಂಗಳೊಳಗೆ ಹೊರಡಬೇಕಂತೆ. ಕೊನೆಯಲ್ಲಿ ‘ತಮ್ಮ ಸಹಕಾರಕ್ಕೆ ಧನ್ಯವಾದಗಳು’ ಎಂದು ಬರೆದಿದ್ದೀರಿ. ನಾನು ಯಾವುದಕ್ಕೆ ಸಹಕರಿಸಿದೆ ಎಂದು ಹಾಳೆ ಹಿಡಿದುಕೊಂಡು ಬಹಳ ಹೊತ್ತು ಯೋಚಿಸಿದೆ. ಗಂಡ ಸತ್ತದ್ದಕ್ಕೇ ಇರಬೇಕು.

ಈ ಪತ್ರವನ್ನು ಪತ್ರಿಕೆಗೂ ಕಳಿಸುತ್ತಿದ್ದೇನೆ. ಅಲ್ಲಿ ಇದನ್ನು ಓದುವವರಿಗೆ ನಿಮ್ಮ ಪದ್ಧತಿ ತಿಳಿದಿರಲಿಕ್ಕಿಲ್ಲ, ಆದ್ದರಿಂದ ಹೇಳುತ್ತೇನೆ. ನಾನು ಹಲ್ಲಿನ ಸೆಟ್ ಮಾಡುವ ಒಂದು ಕಾರ್ಯಾಗಾರದಲ್ಲಿ ಕೆಲಸ ಮಾಡುವವಳು. ನನ್ನ ಕೆಲಸ ಬೇಕು ಎಂದು ಮಾಲೀಕರೇ ನಿಮಗೆ ಬರೆದುಕೊಟ್ಟಿದ್ದರು, ನೀವೂ ಒಪ್ಪಿದ್ದಿರಿ. ಆದರೆ ಒಪ್ಪಿದ ಮೇಲೂ ಸಾಲಿನಲ್ಲಿ ನಿಲ್ಲಬೇಕು, ಮತ್ತು ಆ ಸಾಲು ಹುಟ್ಟಿದ ದೇಶದ ಪ್ರಕಾರ. ಮನುಷ್ಯನಿಗೆ ಏನು ಕೆಲಸ ಬರುತ್ತದೆ, ಹೇಗೆ ಬದುಕುತ್ತಾನೆ ಎನ್ನುವುದು ನಿಮಗೆ ಆಮೇಲಿನ ಮಾತು. ಅವನ ತಾಯಿ ಎಲ್ಲಿ ನೋವು ತಿಂದಳು ಎನ್ನುವುದು ಮೊದಲು. ನನ್ನ ತಾಯಿ ನೋವು ತಿಂದ ದೇಶದಿಂದ ಬಹಳ ಜನ ಬಂದಿದ್ದಾರೆ, ಆ ಸಾಲು ಎಷ್ಟು ಉದ್ದವೆಂದರೆ ನನ್ನ ಸರದಿ ಬರುವಷ್ಟರಲ್ಲಿ ನನಗೇ ಒಂದು ಸೆಟ್ ಹಲ್ಲು ಬೇಕಾಗುತ್ತದೆ. ಆದರೆ ನಿಮ್ಮಲ್ಲಿ ಒಂದು ಒಳ್ಳೆಯ ನಿಯಮವೂ ಇತ್ತು. ಗಂಡ ಹೆಂಡತಿ ಬೇರೆ ಬೇರೆ ದೇಶದಲ್ಲಿ ಹುಟ್ಟಿದ್ದರೆ ಇಬ್ಬರೂ ಚಿಕ್ಕ ಸಾಲಿನಲ್ಲಿ ಒಟ್ಟಿಗೆ ನಿಲ್ಲಬಹುದು. ದಂಪತಿಗಳು ಅಗಲಬಾರದು ಎಂಬುದೇ ಆ ನಿಯಮದ ಉದ್ದೇಶ ಎಂದು ನಿಮ್ಮ ಪುಸ್ತಿಕೆಯಲ್ಲೇ ಅಚ್ಚಾಗಿದೆ.

ನನ್ನ ಗಂಡ ಲಿಫ್ಟ್ ರಿಪೇರಿ ಮಾಡುತ್ತಿದ್ದರು. ನಾವು ಒಂದೇ ಊರಿನವರು, ಒಂದೇ ಭಾಷೆಯವರು. ಅವರು ಬೇರೆ ದೇಶದಲ್ಲಿ ಹುಟ್ಟಿರಬಹುದು ಎಂಬ ಯೋಚನೆ ನಮ್ಮಿಬ್ಬರಿಗೂ ಕನಸಿನಲ್ಲೂ ಬಂದಿರಲಿಲ್ಲ. ಅರ್ಜಿ ತುಂಬುವ ದಿನ ಅವರು ಅಮ್ಮನಿಗೆ ಫೋನ್ ಮಾಡಿ, ತವರಿನಲ್ಲಿ ಯಾವ ಆಸ್ಪತ್ರೆಯಲ್ಲಿ ನನ್ನನ್ನು ಹೆತ್ತೆ ಎಂದು ಕೇಳಿದರು. ಅತ್ತೆ ಊಟ ಆಯ್ತಾ ಎಂದು ಕೇಳಿದರು. ಇವರು ಮತ್ತೆ ಅದನ್ನೇ ಕೇಳಿದರು.

“ಆಸ್ಪತ್ರೆಯಲ್ಲಲ್ಲ ಕಣೋ,” ಎಂದರು ಅತ್ತೆ ಕೊನೆಗೆ. “ತವರಲ್ಲೂ ಅಲ್ಲ.”

ನಮ್ಮ ಮಾವ ಸೇತುವೆ ಕಟ್ಟುವ ತಂಡದಲ್ಲಿದ್ದವರು. ಆಗ ಬೇರೊಂದು ದೇಶದಲ್ಲಿ ಕೆಲಸ ನಡೆಯುತ್ತಿತ್ತು. ಅತ್ತೆ ಹೆರಿಗೆಗೆ ತವರಿಗೆ ಹೊರಡಲು ಬಟ್ಟೆ ಮಡಚಿಟ್ಟಿದ್ದರು, ಅಷ್ಟರಲ್ಲಿ ದಿನ ತುಂಬುವ ಮೊದಲೇ ನೋವು ಬಂತು. ಹೊಳೆ ದಂಡೆಯ ತಗಡಿನ ಶೆಡ್ಡಿನಲ್ಲಿ, ತಂಡದ ಅಡುಗೆಯಾಕೆಯ ಕೈಯಲ್ಲಿ ನನ್ನ ಗಂಡ ಹುಟ್ಟಿದರು. ಕೂಸಿಗೆ ಕತ್ತು ನಿಲ್ಲುವಷ್ಟರಲ್ಲಿ ಎಲ್ಲರೂ ವಾಪಸ್ಸು ಬಂದರು. ಚೊಚ್ಚಲ ಹೆರಿಗೆಗೂ ತವರಿನವರು ಕರೆದುಕೊಂಡು ಹೋಗಲಿಲ್ಲ ಎಂದು ಗಂಡನ ಮನೆಯವರು ಆಡಿಕೊಳ್ಳಬಾರದೆಂದು ಅತ್ತೆ ‘ತವರಲ್ಲೇ ಆಯ್ತು’ ಎಂದುಬಿಟ್ಟರು. ಅವರ ತಾಯಿಯೂ ಹೌದು ಎಂದು ತಲೆಯಾಡಿಸಿದರು. ಶಾಲೆಗೆ ಸೇರಿಸುವಾಗ ಮಾವ ಅದನ್ನೇ ಬರೆಸಿದರು. ಆಮೇಲೆ ಅದೇ ನಿಜವಾಯಿತು.

“ಅಮ್ಮಾ, ಇಷ್ಟು ವರ್ಷ ನನ್ನನ್ನ ಕದ್ದ ಮಾಲು ಇಟ್ಟಂಗೆ ಇಟ್ಕೊಂಡಿದ್ದೀಯಲ್ಲ,” ಎಂದು ನನ್ನ ಗಂಡ ನಕ್ಕ ನಗು ನನಗೆ ಇನ್ನೂ ಕೇಳಿಸುತ್ತದೆ. ಅತ್ತೆಗೆ ನಾಚಿಕೆ. ನಿಮ್ಮಪ್ಪ ಇದ್ದಿದ್ದರೆ ಅವರಿಗೆ ಅವಮಾನವೆಂದು ನಾನು ಹೇಳುತ್ತಿರಲಿಲ್ಲ, ನಿಮಗೆ ಉಪಯೋಗವಾಗುತ್ತದೆ ಎಂದರೆ ಈಗ ಯಾರ ಮುಂದೆ ಬೇಕಾದರೂ ಹೇಳುತ್ತೇನೆ ಎಂದರು.

ಹೇಳಿದರು ಕೂಡ. ಮಾನ್ಯರೇ, ನನ್ನ ಗಂಡನ ಹುಟ್ಟಿನ ಬಗ್ಗೆ ನಿಮ್ಮ ಇಲಾಖೆ ತೋರಿಸಿದಷ್ಟು ಆಸಕ್ತಿಯನ್ನು ಅವರ ಸ್ವಂತ ಸೋದರಮಾವಂದಿರೂ ತೋರಿಸಿರಲಿಲ್ಲ. ಶಾಲೆಯ ದಾಖಲೆಯಲ್ಲಿ ಒಂದು ಊರು, ತಾಯಿಯ ಬಾಯಲ್ಲಿ ಇನ್ನೊಂದು ದೇಶ, ಯಾವುದನ್ನು ನಂಬಬೇಕು ಎಂದು ಕೇಳಿದಿರಿ. ತಪ್ಪಲ್ಲ, ಕೇಳಬೇಕಾದದ್ದೇ. ಆ ದೇಶದ ನೋಂದಣಿ ಕಚೇರಿಯಿಂದ ‘ದಾಖಲೆ ಲಭ್ಯವಿಲ್ಲ’ ಎಂಬ ಪತ್ರ ತರಿಸಿದೆವು. ಅತ್ತೆಯನ್ನು ಅವರ ಮಗಳು ವಕೀಲರ ಬಳಿ ಕರೆದುಕೊಂಡು ಹೋದಳು. ಅಲ್ಲಿ ನಿಮ್ಮ ಪ್ರಶ್ನೆಗಳನ್ನು ಒಂದೊಂದಾಗಿ ಓದಿದರು. ಶೆಡ್ಡಿನ ಸೂರು ಯಾವುದರದು, ಹೊಕ್ಕುಳ ಬಳ್ಳಿ ಕತ್ತರಿಸಿದವರು ಯಾರು. ‘ಸದರಿ ಜನನದ ಸಮಯದಲ್ಲಿ ತಾವು ಸ್ಥಳದಲ್ಲಿ ಹಾಜರಿದ್ದಿರಾ’ ಎಂಬುದೂ ಒಂದು ಪ್ರಶ್ನೆ.

“ನಾನಿಲ್ದೆ ಇನ್ಯಾರಪ್ಪ ಹೆರ್ತಾರೆ?” ಎಂದರಂತೆ ಅತ್ತೆ. ವಕೀಲರು ‘ಹೌದು’ ಎಂದು ಬರೆದುಕೊಂಡರಂತೆ.

ಅವತ್ತು ಮನೆಗೆ ಬಂದು ಅವರು ಊಟ ಮಾಡಲಿಲ್ಲ ಎಂದು ನಾದಿನಿ ಆಮೇಲೆ ಹೇಳಿದಳು. ಜೀವಮಾನವೆಲ್ಲ ಕಾಪಾಡಿಕೊಂಡು ಬಂದ ಮಾತನ್ನು ಪರರ ಮುಂದೆ ಸುಳ್ಳು ಎಂದು ಒಪ್ಪಿಕೊಂಡು, ಹೆಬ್ಬೆಟ್ಟಿನ ಶಾಯಿ ತೊಳೆದುಕೊಂಡು ಮಲಗಿದರಂತೆ. ಆ ಅಡುಗೆಯಾಕೆಯನ್ನೂ ಹುಡುಕಿದರು, ಬದುಕಿದ್ದರು, ಅವರೂ ಸಾಕ್ಷಿ ಹೇಳಿದರು. ಎಲ್ಲವೂ ನಿಮ್ಮ ಕೈ ಸೇರಿತು. ಆಮೇಲೆ ನಾವು ಯಾವಾಗ ಕೇಳಿದರೂ ‘ಪರಿಶೀಲನೆಯಲ್ಲಿದೆ’ ಎಂಬ ಒಂದೇ ಉತ್ತರ. ಒಂದೂವರೆ ವರ್ಷ ಪರಿಶೀಲಿಸಿದಿರಿ. ಆ ಅವಧಿಯಲ್ಲಿ ನೀವು ಹೊಸದಾಗಿ ಏನನ್ನೂ ಕೇಳಲಿಲ್ಲ, ನಾವು ಹೊಸದಾಗಿ ಏನನ್ನೂ ಕೊಡಲಿಲ್ಲ. ಒಂದು ದಿನ ‘ಜನನ ಸ್ಥಳದ ಬಗ್ಗೆ ಇಲಾಖೆಗೆ ಮನವರಿಕೆಯಾಗಿದೆ’ ಎಂಬ ಪತ್ರ ಬಂತು.

“ನಾನು ಹುಟ್ಟಿದೀನಿ ಅಂತ ಅಂತೂ ಒಪ್ಕೊಂಡ್ರು ಕಣೇ,” ಎಂದರು ನನ್ನ ಗಂಡ. ಆ ಹೊತ್ತಿಗೆ ಅವರಿಗೆ ಹೊಟ್ಟೆನೋವು ಶುರುವಾಗಿತ್ತು. ಲಿಫ್ಟಿನ ಕೆಳಗಿನ ಗುಂಡಿಗೆ ಇಳಿದು ಬಗ್ಗಿ ಬಗ್ಗಿ ಹೀಗಾಗಿದೆ ಎನ್ನುತ್ತಿದ್ದರು. ಅದು ಕರುಳಿನ ಕಾಯಿಲೆಯಾಗಿತ್ತು.

ಕೊನೆಯ ಸಂದರ್ಶನಕ್ಕೆ ನೀವು ಕರೆದಾಗ ಅವರು ಎರಡನೆಯ ಆಪರೇಷನ್ ಆಗಿ ಆಸ್ಪತ್ರೆಯಲ್ಲಿದ್ದರು. ಹುಟ್ಟಿದ ದೇಶದ ಭಾಷೆ ಬರುವುದಿಲ್ಲ ಎಂದು ಎಲ್ಲಿ ತಕರಾರು ತೆಗೆಯುತ್ತೀರೋ ಎಂಬ ಭಯ ಅವರಿಗೆ. ಅತ್ತೆಗೆ ನೆನಪಿದ್ದ ನಾಲ್ಕಾರು ಮಾತು ಕೇಳಿಕೊಂಡು, ಮೂಗಿಗೆ ಹಾಕಿದ ಕೊಳವೆಯ ಜೊತೆಗೇ ಗಿಣಿಪಾಠ ಒಪ್ಪಿಸುತ್ತಿದ್ದರು. ನೀರು, ಬಾ, ಕೂತುಕೋ, ಹಗ್ಗ ಎಳಿ. ಸೇತುವೆ ಕಟ್ಟುವವರ ನಡುವೆ ಇದ್ದವರಿಗೆ ಇನ್ನೇನು ಬರುತ್ತದೆ? ಹಗ್ಗ ಎಳಿ ಎಂದು ಅಧಿಕಾರಿಗಳಿಗೆ ಹೇಳಲೇ ಎಂದು ನನ್ನನ್ನು ನಗಿಸಲು ನೋಡಿದರು. ನಾನು ವೈದ್ಯರ ಪತ್ರ ತೆಗೆದುಕೊಂಡು ಒಬ್ಬಳೇ ನಿಮ್ಮ ಕಚೇರಿಗೆ ಬಂದೆ.

ಗಾಜಿನ ಹಿಂದೆ ಕೂತಿದ್ದ ಹೆಣ್ಣುಮಗಳು ಒಳ್ಳೆಯವಳು. ಪತ್ರವನ್ನು ಎರಡು ಸಲ ಓದಿದಳು, ಒಳಗೆ ಹೋಗಿ ಯಾರನ್ನೋ ಕೇಳಿ ಬಂದಳು. ಅವರು ಆಸ್ಪತ್ರೆಯಲ್ಲಿದ್ದಾರೆ, ನಿಮ್ಮವರೇ ಯಾರಾದರೂ ಬಂದು ನೋಡಬಹುದು, ಹತ್ತಿರದಲ್ಲೇ ಇದೆ, ಎರಡು ಬಸ್ ನಿಲ್ದಾಣ ಅಷ್ಟೇ ಎಂದೆ. ಅದಕ್ಕೆ ಅವಕಾಶವಿಲ್ಲ ಎಂದಳು.

“ಇಬ್ರೂ ಒಟ್ಟಿಗೆ ಬರ್ಬೇಕಮ್ಮ,” ಎಂದಳು. “ಅವರು ಹುಷಾರಾದ ಮೇಲೆ ಬನ್ನಿ. ಬೇರೆ ದಿನ ಕೊಡ್ತೀನಿ.”

ಕೊಟ್ಟಳು. ಆ ದಿನ ಬರುವ ಮೊದಲೇ ಅವರು ಹೋದರು.

ದೇಹವನ್ನು ಊರಿಗೆ ಕಳಿಸುವ ಮಾತು ಬಂದಾಗ ಬೇಡ ಎಂದವರು ಅತ್ತೆ. ಇದನ್ನು ನೀವು ಗಮನವಿಟ್ಟು ಓದಬೇಕೆಂದು ಕೇಳಿಕೊಳ್ಳುತ್ತೇನೆ, ಏಕೆಂದರೆ ನನ್ನ ಇಡೀ ಅಹವಾಲು ಇಲ್ಲಿದೆ. ಅವರು ಫೋನಿನಲ್ಲಿ ಅಳಲಿಲ್ಲ. “ನನ್ನ ಮಗೂನ ಐಸ್ ಪೆಟ್ಟಿಗೇಲಿ ಇಟ್ಟು ಅಷ್ಟು ದೂರ ತರಬೇಡ್ವೇ ತಾಯಿ,” ಎಂದರು. “ನೀನು ಎಲ್ಲಿರ್ತೀಯೋ ಅವನೂ ಅಲ್ಲೇ ಇರ್ಲಿ. ನೀನಿದ್ದೀಯಲ್ಲ, ನಂಗದು ಸಾಕು.” ಹೆತ್ತ ಮಗನ ಮುಖವನ್ನು ಕೊನೆಯ ಸಲ ನೋಡುವ ಆಸೆಯನ್ನು ಆಕೆ ಬಿಟ್ಟುಕೊಟ್ಟದ್ದು ನಾನು ಇಲ್ಲಿರುತ್ತೇನೆ ಎಂಬ ಒಂದೇ ನಂಬಿಕೆಯ ಮೇಲೆ. ಇರುತ್ತೇನೆ ಅತ್ತೆ ಎಂದು ನಾನು ಮಾತು ಕೊಟ್ಟೆ. ನಿಮ್ಮನ್ನು ಕೇಳಿ ಕೊಡಬೇಕಿತ್ತು ಎಂದು ಆಗ ಹೊಳೆಯಲಿಲ್ಲ.

ಮಣ್ಣು ಮಾಡಿದ ದಿನ ಅವರ ಜೊತೆ ಕೆಲಸ ಮಾಡುತ್ತಿದ್ದ ಮೆಕ್ಯಾನಿಕ್ ಬಂದಿದ್ದ. ಎಲ್ಲರೂ ಅವನನ್ನು ಸ್ಪ್ಯಾನರ್ ಎಂದೇ ಕರೆಯುವುದು. ಎಲ್ಲ ಮುಗಿದ ಮೇಲೆ ನನ್ನ ಪಕ್ಕ ನಿಂತು, “ಅಂತೂ ನಮ್ಮವನಿಗೆ ಖಾಯಂ ವಾಸ ಸಿಕ್ತಲ್ಲ ಅತ್ತಿಗೆ,” ಎಂದ. ನನ್ನ ಗಂಡ ಇದ್ದಿದ್ದರೆ ಆ ಮಾತಿಗೆ ಮೊದಲು ನಗುತ್ತಿದ್ದವರು ಅವರೇ. ಹೇಳಿದವನು ಮಾತ್ರ ನಗಲಾರದೆ ಗೇಟಿನವರೆಗೂ ಮುಖ ಮುಚ್ಚಿಕೊಂಡು ಹೋದ.

ಈಗ ನಿಮ್ಮ ಆದೇಶಕ್ಕೆ ಬರುತ್ತೇನೆ. ನಾನು ಹೆಚ್ಚು ಓದಿದವಳಲ್ಲ, ಕಾನೂನು ಗೊತ್ತಿಲ್ಲ. ನನಗೆ ಅರ್ಥವಾಗದ ಸಂಗತಿ ಒಂದೇ. ನನ್ನ ಗಂಡ ಸತ್ತಿದ್ದಾರೆ, ಅದನ್ನು ನನಗಿಂತ ಚೆನ್ನಾಗಿ ಯಾರೂ ಬಲ್ಲವರಿಲ್ಲ. ಆದರೆ ಸತ್ತರೆ ಹುಟ್ಟಿದ್ದು ಸುಳ್ಳಾಗುತ್ತದೆಯೇ? ಅವರು ಬದುಕಿದ್ದಷ್ಟು ದಿನ ಹುಟ್ಟಿದ್ದನ್ನು ಸಾಬೀತು ಮಾಡಿ ಎಂದಿರಿ. ಮಾಡಿದ ಮೇಲೆ, ಈಗ ಸತ್ತಿದ್ದಾರಲ್ಲ, ಆ ಹುಟ್ಟು ಲೆಕ್ಕಕ್ಕಿಲ್ಲ ಎನ್ನುತ್ತೀರಿ. ಆ ಹೊಳೆ ದಂಡೆಯಲ್ಲಿ ಒಬ್ಬ ಹೆಂಗಸು ತಿಂದ ನೋವನ್ನು ಯಾವ ಮೊಹರು ಹಾಕಿ ವಾಪಸ್ಸು ತೆಗೆದುಕೊಳ್ಳುತ್ತೀರಿ? ದಂಪತಿಗಳು ಅಗಲಬಾರದು ಎಂದು ಮಾಡಿದ ನಿಯಮವಲ್ಲವೇ ಇದು? ಒಬ್ಬರನ್ನು ಮಣ್ಣು ಹಿಡಿದುಕೊಂಡಿದೆ, ಇನ್ನೊಬ್ಬರನ್ನು ನೀವು ಅಟ್ಟುತ್ತಿದ್ದೀರಿ. ಇದಕ್ಕಿಂತ ದೊಡ್ಡ ಅಗಲಿಕೆ ನಿಮ್ಮ ಪುಸ್ತಿಕೆಯಲ್ಲಿ ಯಾವುದಾದರೂ ಇದ್ದರೆ ಪುಟ ಹೇಳಿ, ಓದುತ್ತೇನೆ.

ನಮ್ಮ ಕೆಲಸದಲ್ಲಿ ಆಗಾಗ ಹೀಗಾಗುತ್ತದೆ. ಹಲ್ಲಿನ ಸೆಟ್ ಮಾಡಿಸಲು ಬರುವವರು ವಯಸ್ಸಾದವರು, ಬಾಯಿಯ ಅಚ್ಚು ಕೊಟ್ಟು ಹೋದವರು ಸೆಟ್ ತಯಾರಾಗುವಷ್ಟರಲ್ಲಿ ತೀರಿಕೊಂಡಿರುತ್ತಾರೆ. ಆದರೂ ನಾವು ಆ ಕೆಲಸವನ್ನು ಅರ್ಧಕ್ಕೆ ಬಿಡುವುದಿಲ್ಲ. ಮುಗಿಸಿ, ಪಾಲಿಶ್ ಮಾಡಿ, ಹೆಸರು ಬರೆದು ಕಪಾಟಿನಲ್ಲಿಡುತ್ತೇವೆ. ಮನೆಯವರು ಯಾವತ್ತಾದರೂ ಬಂದು ಕೇಳುತ್ತಾರೆ. ಕೆಲವರು ಅಂಗೈಯಲ್ಲಿಟ್ಟುಕೊಂಡು, ಹೌದು, ಇದು ಅಪ್ಪನದೇ ಎನ್ನುತ್ತಾರೆ. ಹೋದವರಿಗೆ ಬಾಯಿಯೇ ಇರಲಿಲ್ಲ ಎಂದು ನಾವು ಇದುವರೆಗೆ ಯಾರಿಗೂ ಬರೆದುಕೊಟ್ಟಿಲ್ಲ.

ನನ್ನ ಬೇಡಿಕೆ ಇಷ್ಟು. ಆದೇಶವನ್ನು ಹಿಂದಕ್ಕೆ ಪಡೆಯಿರಿ. ನನ್ನ ಗಂಡ ಹುಟ್ಟಿದ ಜಾಗವನ್ನು ನೀವೇ ಒಪ್ಪಿದ್ದೀರಿ, ಆ ಒಪ್ಪಿಗೆಯ ಮೇಲೆ ನಾನು ನಿಂತಿದ್ದ ಸಾಲಿನಲ್ಲೇ ನನ್ನನ್ನು ನಿಲ್ಲಲು ಬಿಡಿ. ಇಬ್ಬರೂ ಒಟ್ಟಿಗೆ ಬರಬೇಕೆಂದು ಕರೆದ ದಿನ ಅವರು ಜೀವಂತ ಇದ್ದರು, ಎರಡು ನಿಲ್ದಾಣ ಆಚೆ ಇದ್ದರು, ಬರಲಾಗದವರ ಬಳಿಗೆ ಹೋಗದೆ ಉಳಿದವರು ನೀವು. ಅವತ್ತೇ ಸಂದರ್ಶನ ನಡೆಯಿತೆಂದು ಭಾವಿಸಿ ನನ್ನ ಕಡತವನ್ನು ತೀರ್ಮಾನಿಸಿ.

ಅದೂ ಆಗದಿದ್ದರೆ ಇನ್ನೊಂದನ್ನಾದರೂ ಮಾಡಿ. ಕಳೆದ ವಾರ ಅತ್ತೆ ಕೇಳಿದರು. “ನಾನು ಮೊದಲೇ ನಿಜ ಹೇಳಿದ್ದಿದ್ರೆ ಬೇಗ ಆಗ್ತಿತ್ತೇನೆ? ಶಾಲೇಲಿ ಸುಳ್ಳು ಬರೆಸಿದ್ದಕ್ಕೇ ಹೀಗಾಯ್ತಾ?” ಇಲ್ಲ ಅತ್ತೆ ಎಂದೆ. ನನ್ನ ಮಾತನ್ನು ಅವರು ನಂಬಲಿಲ್ಲ, ಸಮಾಧಾನಕ್ಕೆ ಹೇಳುತ್ತಿದ್ದೀಯ ಎಂದರು. ಸರ್ಕಾರದ ಮಾತನ್ನು ನಂಬುತ್ತಾರೆ. ಅವರಿಗೆ ಒಂದು ಪತ್ರ ಬರೆಯಿರಿ. ತಡವಾದದ್ದು ನಿಮ್ಮ ಮೇಜಿನ ಮೇಲೆ, ಅವರ ಬಾಯಿಂದಲ್ಲ ಎಂದು ಎರಡು ಸಾಲು ಸಾಕು. ಯಾವ ಭಾಷೆಯಲ್ಲಾದರೂ ಬರೆಯಿರಿ, ನಾನು ಓದಿ ಹೇಳುತ್ತೇನೆ.

ಆದೇಶ ಬಂದದ್ದು ಅತ್ತೆಗೆ ಇನ್ನೂ ಗೊತ್ತಿಲ್ಲ. ಈ ಪತ್ರಿಕೆಯೂ ಅವರಿರುವ ಊರಿಗೆ ಹೋಗುವುದಿಲ್ಲ. ನಾಳೆ ಭಾನುವಾರ, ಬೆಳಿಗ್ಗೆ ಅವರ ಫೋನ್ ಬರುತ್ತದೆ.

ಇಂತಿ,
ನಿಮ್ಮ ದಾಖಲೆಯ ಪ್ರಕಾರ ಈಗ ಯಾರ ಹೆಂಡತಿಯೂ ಅಲ್ಲದ,
ಹಲ್ಲು ಮಾಡುವ ಹೆಂಗಸು