ತರಗತಿಯಲ್ಲಿ ಆಡಿದ ನಮ್ಮ ಜಗಳ

ಮರಗೆಲಸದ ಅಂಗಡಿ,
ಮಾರ್ಚ್ ೧೧, ಮಂಗಳವಾರ

ಪ್ರೀತಿಯ ಅಳಿಯನೇ,

ಹೇಗಿದ್ದೀಯ? ಬೆನ್ನುನೋವು ಹೋಯಿತೇ? ಹೊತ್ತಿಗೆ ಸರಿಯಾಗಿ ಉಣ್ಣುತ್ತೀಯೋ ಇಲ್ಲವೋ ಎಂದು ನಿನ್ನಮ್ಮ, ಅಂದರೆ ನನ್ನಕ್ಕ, ದಿನಕ್ಕೆ ಹತ್ತು ಸಲ ನನ್ನ ತಲೆ ತಿನ್ನುತ್ತಾಳೆ. ಹಿಂದಿನ ಎರಡು ಪತ್ರ ಒಡೆಯದೆಯೇ ವಾಪಸ್ ಬಂದವು. ಇದೂ ಬಂದೀತು. ಆದರೂ ಬರೆಯುತ್ತೇನೆ, ಊರ ಶಾಲೆಯಲ್ಲಿ ಏಳನೇ ಕ್ಲಾಸು ಮುಗಿಸಿದ ಪಂಡಿತನ ಅಕ್ಷರ ನೋಡಿ ಅಂಚೆಯವನಾದರೂ ಧನ್ಯನಾಗಲಿ.

ನಿನ್ನೆ ಶಾಲೆಯ ಬೆಂಚು ರಿಪೇರಿಗೆ ಹೋಗಿದ್ದೆ. ಜಗಳ ಬಗೆಹರಿಸುವುದು ಹೇಗೆಂದು ಟೀಚರಮ್ಮ ಮಕ್ಕಳಿಗೆ ಪಾತ್ರ ಕೊಟ್ಟು, ಆಡಿಸಿ ಕಲಿಸುತ್ತಿದ್ದರು. ನಿಯಮ ಒಂದೇ: ಎದುರಿನವನ ಮಾತನ್ನು ಮೊದಲು ನೀನೇ ಹೇಳಬೇಕು; ಅವನು “ಹೌದು, ಅದೇ” ಎಂದ ಮೇಲಷ್ಟೇ ನಿನ್ನ ವಾದ. ಕಿಟಕಿ ಪಕ್ಕದ ಜಾಗಕ್ಕಾಗಿ ಕಿತ್ತಾಡಬೇಕಿದ್ದ ಇಬ್ಬರು ಪಿಸುಗುಟ್ಟುತ್ತ ನಿಂತಿದ್ದರು. ಉಳಿ ಕೆಳಗಿಟ್ಟು, “ಜಗಳ ಅಂದ್ರೆ ಹಿಂಗಾ? ಸ್ವಲ್ಪ ಸರೀರಿ, ನಾನು ತೋರಿಸ್ತೀನಿ,” ಎಂದೆ. ಏನು ಹೇಳಲಿ, ಎರಡೇ ನಿಮಿಷಕ್ಕೆ ಇಡೀ ಕ್ಲಾಸು ನನ್ನ ಮುಷ್ಟಿಯಲ್ಲಿ!

ಅಷ್ಟಕ್ಕೇ ಸುಮ್ಮನಾಗಬೇಕಿತ್ತು. ನಿಜವಾದ ಜಗಳವೇ ಬೇಕೆಂದು ಮಕ್ಕಳು ಹಟ ಹಿಡಿದರು. ಜಂಬದಲ್ಲಿ ನಮ್ಮದನ್ನೇ ಹೇಳಿಬಿಟ್ಟೆ: ನೀನು ಮಾಡಿದ ಮೊದಲ ಬಾಗಿಲನ್ನು ಗಿರಾಕಿಯ ಎದುರೇ ನಾನು ಬಿಚ್ಚಿ ಹಾಕಿದ್ದು, ನೀನು ಅವತ್ತೇ ಮನೆ ಬಿಟ್ಟದ್ದು. ಎರಡು ಜಡೆಯ ಹುಡುಗಿಯೊಬ್ಬಳು ನೀನಾದಳು. ಸೊಂಟದ ಮೇಲೆ ಕೈ ಬೇರೆ! ನಿನ್ನ ಮಾತನ್ನು ನಾನು ಹೇಳಬೇಕು. “ನಂಗಿನ್ನೂ ಕೆಲಸ ಬರಲ್ಲ, ಮಾವ ತಿದ್ದಿದ್ದೇ ಸರಿ,” ಎಂದೆ. ಕ್ಲಾಸು ನಕ್ಕಿತು. ಅವಳು ನಗಲಿಲ್ಲ. “ಅಲ್ಲ.” “ಗಿರಾಕಿ ಮುಂದೆ ನನ್ನ ಮರ್ಯಾದೆ ತೆಗೀಬಾರದಿತ್ತು,” ಎಂದೆ ನಾನು. “ಅದೂ ಅಲ್ಲ. ಅಷ್ಟಕ್ಕೇ ಯಾರಾದ್ರೂ ಮನೆ ಬಿಡ್ತಾರಾ? ಹೋಗುವಾಗ ಅವ್ರು ಏನಂದ್ರು?” ಊರಿಗೆಲ್ಲ ಗೊತ್ತಿರುವ ಬಾಯಿ ನನ್ನದು; ಕೆಳಗಿಟ್ಟಿದ್ದ ಉಳಿ ಎತ್ತಿಕೊಂಡು ಅದರ ಅಲಗು ಒರೆಸತೊಡಗಿದೆ. “ಪರವಾಗಿಲ್ಲ, ಕೂತ್ಕೊಳ್ಳಿ,” ಎಂದರು ಟೀಚರಮ್ಮ, ಪಾಠ ಬಾರದ ಮಕ್ಕಳಿಗೆ ಹೇಳುವ ದನಿಯಲ್ಲಿ. ಕೂತೆ. ಇನ್ನೊಂದು ಬೆಂಚಿನ ಕಾಲು ಬಾಕಿಯಿತ್ತು. ಹಾಗೇ ಬಿಟ್ಟು ಬಂದೆ.

ಅಕ್ಕ ಆಶೀರ್ವಾದ ಹೇಳಿದ್ದಾಳೆ. ನನ್ನದು ಬೇಕಾದರೆ ಇಟ್ಟುಕೋ, ಬೇಡವಾದರೆ ಬಿಡು.

ಇಂತಿ,
ನಿನ್ನ ಸೋದರಮಾವ

ತಾ.ಕ.: ಅವತ್ತು ಅಂಗಡಿಯ ಬಾಗಿಲಲ್ಲಿ ನಿಂತು ನೀನು ತುಂಬ ಹೊತ್ತು ಏನೋ ಹೇಳಿದೆ. ನಾನು ಮರ ಹೆರೆಯುವ ಮಷೀನು ನಿಲ್ಲಿಸಲೇ ಇಲ್ಲ. ಒಂದಕ್ಷರವೂ ಕೇಳಿಸಲಿಲ್ಲ. ಏನು ಹೇಳಿದೆಯೋ, ಬರೆ. ಅಕ್ಕನೂ ಅದನ್ನೇ ಕೇಳುತ್ತಿರುತ್ತಾಳೆ. “ಹುಷಾರಾಗಿರಿ ಅಂದ” ಎಂದು ಸುಳ್ಳು ಹೇಳಿಕೊಂಡು ಬಂದಿದ್ದೇನೆ. ಈಚೆಗೆ ನನಗೂ ಅದೇ ನಿಜ ಅನ್ನಿಸತೊಡಗಿದೆ.