ಮರೆಗೆ ಕಟ್ಟಿದ ಸೀರೆ

ಕೋಲಾರ
14-8-1941

ಪ್ರೀತಿಯ ಅಪ್ಪಾ,

ಆದಿಲಕ್ಷ್ಮಿಯ ನಮಸ್ಕಾರ. ಮೊಣಕಾಲು ನೋವು ಈಗ ಹೇಗಿದೆ? ಹುರುಳಿ ಶಾಖ ಬಿಡಬೇಡಿ. ಟೇಕಲ್ ಸ್ಟೇಷನ್ನಿನವರೆಗೂ ನಡೆದೇ ಹೋಗ್ತೀನಿ ಅನ್ನೋ ಹಟ ಸ್ವಲ್ಪ ದಿನ ಬೇಡ.

ನಾನು ಆಸ್ಪತ್ರೆಯಲ್ಲಿ ಜಗಳ ಆಡಿದ ಸುದ್ದಿ ನಿಮಗೆ ಮುಟ್ಟಿರಬೇಕು. ನಡೆದದ್ದನ್ನು ನಾನೇ ಹೇಳ್ತೀನಿ. ನಾನು ಆಯಾ ಆಗಿರೋ ಹೆಂಗಸರ ವಾರ್ಡಿಗೆ ಗೌನಿಪಲ್ಲಿಯಿಂದ ಮುನಿಯಲ್ಲಮ್ಮ ಅಂತ ಒಬ್ಬ ಅಜ್ಜಿ ಬಂದಳು. ಮಾವಿನ ತೋಪಿನಲ್ಲಿ ಜಾರಿಬಿದ್ದು ಸೊಂಟ ಮುರಿದಿತ್ತು. ನಮ್ಮಲ್ಲಿ ರೋಗಿಗಳ ಮೈ ಒರೆಸೋ ಹೊತ್ತೂ ಅದೇ, ನೋಡೋಕೆ ಬರೋ ಗಂಡಸರು ಓಡಾಡೋ ಹೊತ್ತೂ ಅದೇ. ಸೆರಗಿಗೆ ಕೈ ಹಾಕಿದರೆ ಅಜ್ಜಿ ಗೋಡೆ ಕಡೆ ಮುಖ ತಿರುಗಿಸಿಬಿಡೋಳು. ಮೂರು ದಿನ ಒದ್ದೆ ಬಟ್ಟೆಯಲ್ಲೇ ಮಲಗಿದ್ದಳು, ಮೈ ಮುಟ್ಟಗೊಡಲಿಲ್ಲ. ನಾಲ್ಕನೇ ದಿನ ನನ್ನ ಹಸಿರು ಸೀರೆ ತಂದು ಕಿಟಕಿ ಸರಳಿನಿಂದ ಮಂಚದ ಕಂಬಿಗೆ ಅಡ್ಡ ಕಟ್ಟಿದೆ. ಬಿಸಿನೀರಲ್ಲಿ ಮೈ ಒರೆಸಿ, ತಲೆ ಬಾಚಿ, ಏಳನೇ ನಂಬರು ಅನ್ನದೆ ಹೆಸರು ಹಿಡಿದು ಕರೆದೆ. ಅವಳು ನನ್ನ ಅಂಗೈಯನ್ನು ಕೆನ್ನೆಗೆ ಒತ್ತಿಕೊಂಡಳು. ಇಷ್ಟೇ ಅಪ್ಪಾ, ನಾನು ಮಾಡಿದ ಅಪರಾಧ.

ಹೆಡ್ ಕಾಂಪೌಂಡರು ಬಂದವರೇ ಸೀರೆ ಕಿತ್ತು ನೆಲಕ್ಕೆ ಎಸೆದರು. “ಧರ್ಮಾಸ್ಪತ್ರೆಗೆ ಬಂದೋರಿಗೆ ಮರೆ ಬೇರೆ ಕೇಡು” ಅಂದರು. ನಾನು ಸೀರೆ ಕೊಡವಿ ಮತ್ತೆ ಕಟ್ಟಿದೆ. “ನಿಮ್ಮ ತಾಯಿ ಮಲಗಿದ್ರೂ ಹಿಂಗೇ ಕೀಳ್ತಿದ್ರಾ ಸ್ವಾಮಿ?” ಅಂದೆ. ಗಟ್ಟಿಯಾಗೇ ಅಂದೆ, ಇಡೀ ವಾರ್ಡಿಗೆ ಕೇಳಿಸಿತು. ಮಾರನೇ ದಿನ ನನ್ನನ್ನು ಬಟ್ಟೆ ಒಗೆಯೋ ಕಡೆ ಹಾಕಿದರು. ಬೇರೆ ಆಯಾ ಹತ್ತಿರ ಹೋದಾಗ ಅಜ್ಜಿ “ಚೀರ ಕಟ್ಟೇದಾಕಾ ಚೆಯ್ಯಿ ಪೆಟ್ಟೊದ್ದು” ಅಂತ ಕೂಗಿಕೊಂಡಳಂತೆ. ಸೀರೆ ಕಟ್ಟೋವರೆಗೂ ಕೈ ಹಾಕಬೇಡ ಅಂತ! ಪಕ್ಕದ ಮಂಚದವರೂ ಅದನ್ನೇ ಹಿಡಿದರು. ಈಗ ಹನ್ನೆರಡು ಮಂಚಕ್ಕೂ ಅವರವರ ಮನೆಯವರು ಸೀರೆಯೋ ದುಪ್ಪಟಿಯೋ ಕಟ್ಟಿದ್ದಾರೆ. ಕೀಳೋಕೆ ಯಾರೂ ಬಂದಿಲ್ಲ. ಬರಲಿ, ನೋಡ್ತೀನಿ.

ಅಮ್ಮನಿಗೆ ನಮಸ್ಕಾರ ಹೇಳಿ. ಕಣ್ಣೀರು ಹಾಕೋದು ಬೇಡ ಅನ್ನಿ; ನಾನು ಹೊತ್ತು ಹೊತ್ತಿಗೆ ಉಣ್ತಾ ಇದ್ದೀನಿ.

ನಿಮ್ಮ ಮಗಳು,
ಆದಿಲಕ್ಷ್ಮಿ

ವಿ.ಸೂ.: ಟಪಾಲಿನ ಹೊತ್ತಾಯ್ತು, ಮುಖ್ಯ ಮಾತೇ ಉಳಿದುಹೋಯ್ತು. ಆಸ್ಪತ್ರೆಯವರು ತಪ್ಪೊಪ್ಪಿಗೆ ಕೇಳಿದರು, ಬರೆದುಕೊಡಲ್ಲ ಅಂದೆ. ಅದಕ್ಕೆ ಅವರೇ ಒಂದು ತಪ್ಪೊಪ್ಪಿಗೆ ಕಾಗದ ಬರೆದು, ನನ್ನ ಬದಲು ತಂದೆ ರುಜು ಹಾಕಿಕೊಟ್ಟರೂ ಸಾಕು, ಇಲ್ಲದಿದ್ದರೆ ಕೆಲಸ ಇಲ್ಲ ಅಂದಿದ್ದಾರೆ. ಭಾನುವಾರ ಸೊಣ್ಣಪ್ಪ ಮಾವ ಆ ಕಾಗದ ಹಿಡಿದುಕೊಂಡು ಊರಿಗೆ ಬರ್ತಾನೆ. ನನ್ನ ಒಳ್ಳೇದಕ್ಕೇ ಬರ್ತಾನೆ, ಪಾಪ. ಹೊಟ್ಟೆ ತುಂಬ ಊಟ ಹಾಕಿ ಕಳಿಸಿ. ರುಜು ಮಾತ್ರ ಹಾಕಬೇಡಿ.