ತಮ್ಮನ ಪಾಲಿನ ಪಥ್ಯ

ಬಸವನಗುಡಿ, ಬೆಂಗಳೂರು
೧೭ ಜನವರಿ ೨೦೨೫, ಶುಕ್ರವಾರ

ಪ್ರೀತಿಯ ಶಿವಕುಮಾರಿಗೆ,

ಹೇಗಿದ್ದೀಯ? ತಿಪಟೂರಿನ ನಿನ್ನ ಶಾಲೆಯ ಮಕ್ಕಳು, ನಿನ್ನ ಮಂಡಿನೋವು, ಎರಡೂ ಹಿಡಿತದಲ್ಲಿವೆ ಅಂದುಕೊಳ್ಳುತ್ತೇನೆ. ದಸರಾದಲ್ಲಿ ನೀನು ಬರೆದ ಪತ್ರಕ್ಕೆ ಸಂಕ್ರಾಂತಿ ಕಳೆದ ಮೇಲೆ ಉತ್ತರ ಬರೆಯುತ್ತಿದ್ದೇನೆ. ಬೈದುಕೋ, ತಪ್ಪು ನನ್ನದೇ. ಫೋನ್ ಮಾಡಬಹುದಿತ್ತಲ್ಲ ಎನ್ನಬೇಡ. ಈ ಮನೆಯಲ್ಲಿ ನಾನು ಫೋನ್ ಎತ್ತಿಕೊಂಡರೆ ನಾಲ್ಕು ಕಿವಿ ಹತ್ತಿರ ಬರುತ್ತವೆ. ಈ ಸಲ ಎಳ್ಳು ಬೀರಲೂ ಹೋಗಲಿಲ್ಲ. ಕೊಟ್ಟರೆ ಅವರೂ ಕೊಡುತ್ತಾರೆ, ನಾನು ತಿನ್ನುವ ಹಾಗಿಲ್ಲ. ಯಾಕೆ ಎಂದು ಹೇಳುತ್ತೇನೆ ಕೇಳು.

ನನ್ನ ತಮ್ಮ ಸ್ವರೂಪನ ಲಿವರ್ ಪೂರ್ತಿ ಕೆಟ್ಟಿದೆ. ಆಗಸ್ಟಿನಲ್ಲಿ ರಕ್ತ ವಾಂತಿ ಮಾಡಿಕೊಂಡ. ಬೇರೆ ಲಿವರ್ ಹಾಕದೆ ದಾರಿಯಿಲ್ಲ ಎಂದರು. ಸುದ್ದಿ ಕೇಳಿದ ನೆಂಟರೆಲ್ಲ ದನಿ ತಗ್ಗಿಸಿ ಕೇಳಿದ್ದು ಒಂದೇ: "ಕುಡೀತಿದ್ನಾ?" ಒಂದು ತೊಟ್ಟು ಮುಟ್ಟಿದವನಲ್ಲ ಕಣೇ! ಸೈಟು ಕೊಡಿಸುವ ವ್ಯವಹಾರ, ಹಗಲೆಲ್ಲ ಕಾರಿನಲ್ಲಿ ಕೂತು ಓಡಾಟ. ಗಿರಾಕಿ ಸಿಕ್ಕಾಗಲೆಲ್ಲ ಬೆಣ್ಣೆ ದೋಸೆ, ಬಜ್ಜಿ, ಮೇಲೊಂದು ಬಾಟಲಿ ಕೂಲ್ ಡ್ರಿಂಕ್ಸ್. ನೂರಾ ಆರು ಕೆಜಿ ತೂಗುತ್ತಿದ್ದ. ಲಿವರಿನಲ್ಲಿ ಕೊಬ್ಬು ತುಂಬಿ, ಅದು ಗಾಯವಾಗುತ್ತಾ ಗಟ್ಟಿಯಾಗುತ್ತಾ ಹೋಯಿತು. ಮೂರು ವರ್ಷದ ಹಿಂದೆಯೇ ಒಂದು ಸ್ಕ್ಯಾನಿನಲ್ಲಿ ಕಾಣಿಸಿತ್ತಂತೆ. "ಹತ್ತು ಕೆಜಿ ಇಳಿಸಿ, ಸಿಹಿ ಬಿಡಿ, ದಿನಾ ಬಿರುಸಾಗಿ ನಡೀರಿ, ಈ ಹಂತದಲ್ಲಿ ಇನ್ನೂ ಸರಿಹೋಗುತ್ತೆ" ಎಂದಿದ್ದರಂತೆ. ನಡೆದನೇ? ಬೀದಿ ತುದಿಯ ಹಾಲಿನ ಬೂತಿಗೂ ಸ್ಕೂಟರೇ ಬೇಕಿತ್ತು ಮಹಾರಾಯನಿಗೆ.

ಅವನ ಹೆಂಡತಿ ಯಶಶ್ರೀ ತನ್ನ ಲಿವರಿನ ಭಾಗ ಕೊಡಲು ಮುಂದೆ ಬಂದಳು. ರಕ್ತದ ಗುಂಪು ಹೊಂದಲಿಲ್ಲ. ನನ್ನದು ಹೊಂದಿತು. ಆದರೆ ನನ್ನ ಸ್ಕ್ಯಾನ್ ನೋಡಿದ ಡಾಕ್ಟರಮ್ಮ ಕನ್ನಡಕ ತೆಗೆದಿಟ್ಟರು.

"ನಿಮ್ಮ ಲಿವರಲ್ಲೂ ನೂರಕ್ಕೆ ಇಪ್ಪತ್ತು ಭಾಗ ಕೊಬ್ಬಿದೆ. ಹೀಗೇ ತಗೊಂಡ್ರೆ ನಿಮಗೂ ಅಪಾಯ, ಅವರಿಗೂ ಅಪಾಯ. ನೀವು ತೂಕ ಇಳಿಸೋವರೆಗೆ ಅವರನ್ನ ಔಷಧೀಲಿ ನಿಭಾಯಿಸ್ತೀವಿ. ಮೂರು ತಿಂಗಳಲ್ಲಿ ಎಂಟು ಕೆಜಿ ಇಳಿಸಿ."

"ಮಾತ್ರೆ ಏನಾದ್ರೂ ಕೊಡ್ತೀರಾ?"

"ಮಾತ್ರೆ ಇಲ್ಲ. ಊಟ, ನಡಿಗೆ. ಅಷ್ಟೇ."

ಅಷ್ಟೇ! ಹೇಳುವುದು ಎಷ್ಟು ಸುಲಭ. ಬೆಳಿಗ್ಗೆ ಮುಕ್ಕಾಲು ಗಂಟೆ, ಸಂಜೆ ಮುಕ್ಕಾಲು ಗಂಟೆ, ಮಾತಾಡಿದರೆ ಏದುಸಿರು ಬರುವ ಹಾಗೆ ನಡೆಯಬೇಕು. ಒಂದು ಸೌಟು ಅನ್ನ, ನಿಂಬೆಹಣ್ಣಿನಷ್ಟು ಮುದ್ದೆ, ಮಿಕ್ಕಿದ್ದೆಲ್ಲ ಸೊಪ್ಪು, ಕಾಳು, ತರಕಾರಿ. ಕಾಫಿಗೆ ಸಕ್ಕರೆ ಇಲ್ಲ. ಸಂಜೆ ಗಾಂಧಿ ಬಜಾರಿನಲ್ಲಿ ನಡೆಯುವುದು ಎಂಥ ಶಿಕ್ಷೆ ಗೊತ್ತಾ? ಒಂದು ಬಾಗಿಲಿನಿಂದ ತುಪ್ಪದ ಘಮ, ಇನ್ನೊಂದರಿಂದ ಬೇಕರಿಯ ಘಮ. ಮೂಗು ಮುಚ್ಚಿಕೊಂಡು ಹೂವಿನಂಗಡಿಗಳ ಕಡೆ ದಾಟಿಬಿಡುತ್ತಿದ್ದೆ. ನಮ್ಮನೆಯವರು ಪಾಪ, ನನ್ನೆದುರು ತಿನ್ನಬಾರದೆಂದು ಬೋಂಡಾ ತಂದು ಬಾಲ್ಕನಿಯಲ್ಲಿ ಬೆನ್ನು ತಿರುಗಿಸಿ ಕೂತು ತಿನ್ನುತ್ತಿದ್ದರು. ವಾಸನೆಗೆ ಬೆನ್ನಿದೆಯೇ?

ಅಮ್ಮನದಂತೂ ಕೇಳಲೇಬೇಡ. ಆಗಸ್ಟಿನಿಂದ ನಮ್ಮಲ್ಲೇ ಇದ್ದಾಳೆ. "ಒಬ್ಬ ತಿಂದು ಕೆಟ್ಟ, ಇನ್ನೊಬ್ಳು ತಿನ್ನದೆ ಕೆಡ್ತಾವ್ಳೆ" ಎಂದು ಗೊಣಗುತ್ತಾ, ನಾನು ಕಾಣದಂತೆ ನನ್ನ ಬೇಳೆ ಸಾರಿಗೆ ತುಪ್ಪ ಬೆರೆಸುತ್ತಿದ್ದಳು. ಅಕ್ಟೋಬರ್ ಪೂರ್ತಿ ನಡೆದೂ ಮುನ್ನೂರು ಗ್ರಾಂ ಮಾತ್ರ ಇಳಿದಿದ್ದೆ. ತೂಕದ ಯಂತ್ರ ಎತ್ತಿ ಬಿಸಾಡುವಷ್ಟು ಕೋಪ ಬಂದಿತ್ತು. ಆಮೇಲೆ ನನ್ನ ಅಡುಗೆ ನಾನೇ ಬೇರೆ ಮಾಡಿಕೊಂಡೆ. ಇಳಿಯತೊಡಗಿತು.

ಒಂದು ಸಂಜೆ ವಾಕಿಂಗ್ ಮುಗಿಸಿ ಹಾಗೇ ಚಾಮರಾಜಪೇಟೆಗೆ, ಸ್ವರೂಪನ ಮನೆಗೆ ಹೋದೆ. ಕೈಕಾಲು ಕಡ್ಡಿ, ಹೊಟ್ಟೆ ಮಾತ್ರ ನೀರು ತುಂಬಿ ಊದಿಕೊಂಡಿದೆ. ಕಣ್ಣು ಅರಿಸಿನದ ಬಣ್ಣ. ನನ್ನನ್ನು ಮೇಲಿಂದ ಕೆಳಗೆ ನೋಡಿ ನಕ್ಕ.

"ನನ್ನಿಂದ ನಿಂಗೆ ಒಳ್ಳೇದೇ ಆಯ್ತಲ್ಲಕ್ಕ. ಫುಲ್ ಸ್ಲಿಮ್ ಆಗ್ಬಿಟ್ಟಿದೀಯ."

ನನಗೆ ಎಲ್ಲಿತ್ತೋ ಸಿಟ್ಟು! "ನಾಚ್ಕೆ ಆಗಲ್ವೇನೋ ನಿಂಗೆ? ನಾನೀಗ ಮಾಡ್ತಿರೋದು ನಿನ್ನ ಪಥ್ಯ ಕಣೋ! ಆವತ್ತೇ ನೀನು ಮಾಡಿದ್ರೆ ನನ್ನ ಹೊಟ್ಟೆ ಕೊಯ್ಯೋದು ಬೇಕಿತ್ತಾ?" ಎಂದು ಕಿರುಚಿದೆ. ಯಶಶ್ರೀ ಒಳಗಿನಿಂದ ಓಡಿಬಂದಳು. ಅವನು ಮಾತ್ರ ತಲೆ ತಗ್ಗಿಸಿ, "ಬೈಯಿ ಅಕ್ಕ. ಈಗೀಗ ಯಾರೂ ಬೈಯಲ್ಲ. ಎಲ್ರೂ ಮೆತ್ತಗೆ ಮಾತಾಡ್ತಾರೆ, ಅದಕ್ಕೇ ಭಯ ಆಗತ್ತೆ" ಅಂದ. ಅವನಿಗೆ ನಲವತ್ತೊಂದು. ಅವನ ಕೈ ಹಿಡಿದು ತುಂಬ ಹೊತ್ತು ಕೂತೆ.

ಹೋದ ವಾರ ಮತ್ತೆ ಸ್ಕ್ಯಾನ್ ಆಯಿತು. ಎಪ್ಪತ್ತನಾಲ್ಕು ಕೆಜಿ ಇದ್ದವಳು ಅರವತ್ತೈದೂವರೆಗೆ ಇಳಿದಿದ್ದೇನೆ. ಲಿವರಿನ ಕೊಬ್ಬು ಇಪ್ಪತ್ತರಿಂದ ಐದಕ್ಕೆ! ಡಾಕ್ಟರಮ್ಮ ನನ್ನ ಬೆನ್ನು ತಟ್ಟಿದರು. ನಮ್ಮನೆಯವರು ಒಪ್ಪಿಗೆಯ ಕಾಗದಕ್ಕೆ ಸಹಿ ಹಾಕಿ, ಹೊರಗೆ ಹೋಗಿ ಕಣ್ಣೊರೆಸಿಕೊಂಡು ಬಂದರು. ಬರುವ ಬುಧವಾರ ಆಪರೇಷನ್. ಹೆದರಿಕೆ ಇದೆ, ಇಲ್ಲವೆನ್ನಲಾರೆ. ಈ ಪತ್ರ ಅಷ್ಟರೊಳಗೆ ತಲುಪಿದರೆ ನಮ್ಮಿಬ್ಬರ ಹೆಸರಲ್ಲೂ ಒಂದು ದೀಪ ಹಚ್ಚು. ನೀನೂ ಕೂತು ಕೂತು ದಪ್ಪಗಾಗಿದ್ದೀಯ, ಫೋಟೋದಲ್ಲಿ ನೋಡಿದೆ. ಮಂಡಿಯನ್ನು ಡಾಕ್ಟರಿಗೆ ತೋರಿಸಿ, ಆಮೇಲೆ ನಡೆಯಲು ಶುರು ಮಾಡು. ಮಕ್ಕಳಿಗೆ ನನ್ನ ಆಶೀರ್ವಾದ. ನಿನಗೆ ದೇವರು ಒಳ್ಳೆಯದು ಮಾಡಲಿ.

ನಿನ್ನ,
ಯಮುನಾ

ಮ.ವಿ.: ಇದನ್ನು ಬರೆಯದೆ ಲಕೋಟೆ ಅಂಟಿಸಿಬಿಡೋಣ ಅಂದುಕೊಂಡಿದ್ದೆ, ಆಗಲಿಲ್ಲ. ಮೇಲೆ 'ಕಾಣಿಸಿತ್ತಂತೆ' ಎಂದು ಬರೆದೆನಲ್ಲ, ಅಂತೆ ಅಲ್ಲ. ಆವತ್ತು ಅವನ ಜೊತೆ ಸ್ಕ್ಯಾನಿಗೆ ಹೋದವಳು ನಾನೇ. ಡಾಕ್ಟರು ಹೇಳಿದ್ದೆಲ್ಲ ನನ್ನ ಕಿವಿಗೇ ಬಿತ್ತು. ಹೊರಗೆ ಬಂದು, "ಯಶುಗೆ ಹೇಳ್ಬೇಡಕ್ಕ, ಊಟ ತಿಂಡಿ ಎಲ್ಲಾ ಕಟ್ ಮಾಡ್ಬಿಡ್ತಾಳೆ. ಯುಗಾದಿ ಕಳೀಲಿ, ಶುರು ಮಾಡ್ತೀನಿ" ಅಂದ. ನಕ್ಕು, ಸರಿ ಅಂದೆ. ಮೂರು ಯುಗಾದಿ ಕಳೆದವು. ಶುರು ಮಾಡಿದೆಯಾ ಎಂದು ಒಂದು ಸಲವೂ ಕೇಳಲಿಲ್ಲ. ಮೂರು ಸಲವೂ ಅವನಿಗಿಷ್ಟವೆಂದು ಒಬ್ಬಟ್ಟು ಮಾಡಿ ಕಳಿಸಿದವಳೂ ನಾನೇ. ಅವನು ಇದುವರೆಗೂ ಯಾರ ಮುಂದೆಯೂ ನನ್ನ ಹೆಸರೆತ್ತಿಲ್ಲ.

ನನ್ನ ಲಿವರ್ ಆಗುತ್ತದೆ ಎಂದು ಹೇಳಿದ ದಿನ ಯಶಶ್ರೀ ಆಸ್ಪತ್ರೆಯ ವರಾಂಡದಲ್ಲೇ ಬಗ್ಗಿ ನನ್ನ ಕಾಲು ಹಿಡಿದಳು. "ನೀವು ನಮ್ ಪಾಲಿನ ದೇವ್ರು ಅಕ್ಕ" ಅಂದಳು. ಕಾಲು ಹಿಂದಕ್ಕೆ ಎಳೆದುಕೊಂಡೆ. ಸಂಕೋಚ ಅಂದುಕೊಂಡಳು.